ಮೂರು ಇಂಚಿನ ಸ್ಕ್ರೂ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ನೀವು ಹಡಗಿನಲ್ಲಿ ಕ್ಷೇಮವೆಂದು ಅಕ್ಕ ಹೇಳಿದಳು. ಸಂತೋಷ. ನಾನು ಮಾತ್ರ ಕ್ಷೇಮವಾಗಿಲ್ಲ. ಎರಡು ಉಗುರು ಕಿತ್ತುಹೋಗಿವೆ, ಸೊಂಟ ಹಿಡಿದುಕೊಂಡಿದೆ, ಅದಕ್ಕೆಲ್ಲ ಕಾರಣ ನೀವು. ಫೋನಿನಲ್ಲಿ ಹೇಳಿದರೆ ನೀವು ನಗುತ್ತೀರಿ, ನೀವು ನಕ್ಕರೆ ನನಗೂ ನಗು ಬರುತ್ತದೆ, ವಿಷಯ ಅಲ್ಲಿಗೇ ತೇಲಿಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿಮ್ಮ ಕಾರಿನ ಡ್ರೈವರ್ ಸೀಟಿಗೆ ಬಾಗಿಲ ಕಡೆ ಒಂದು ಉದ್ದನೆಯ ಪ್ಲಾಸ್ಟಿಕ್ ಕವರ್ ಇದೆಯಲ್ಲ, ಅದು ಒಡೆದು ನಾಲ್ಕು ವರ್ಷವಾಯಿತು. ಒಡೆದವರು ನೀವು. ಇಳಿಯುವಾಗಲೆಲ್ಲ ಅದರ ಮೇಲೆ ಮೈಭಾರ ಊರುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ರಿಪೇರಿ ಮಾಡಿದವರೂ ನೀವೇ. ಮೊದಲು ಟೇಪು, ಆಮೇಲೆ ತಂತಿ, ಕೊನೆಗೆ ಡ್ರಿಲ್ಲು ಹಿಡಿದು ಒಂದು ಸ್ಕ್ರೂ. "ಇನ್ನು ಆನೆ ಕೂತ್ರೂ ಅಲ್ಲಾಡಲ್ಲ" ಎಂದು ಸೀಟು ತಟ್ಟಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಾಡಲಿಲ್ಲ ಭಾವ. ಯಾವುದೂ ಅಲ್ಲಾಡಲಿಲ್ಲ.

ಹೋದ ವಾರ ಅಕ್ಕ ನನ್ನ ಕನ್ನಡಕದ ಅಂಗಡಿಗೆ ಬಂದು, ಒಡೆದ ಪ್ಲಾಸ್ಟಿಕ್ಕಿನ ತುದಿ ತೊಡೆಗೆ ಗೀರುತ್ತದೆ, ಹೊಸದೊಂದು ಹಾಕಿಕೊಡು ಎಂದಳು. ಕನ್ನಡಕದ ಕಡ್ಡಿ ಬಿಗಿಮಾಡುವವನಿಗೆ ಕಾರಿನ ಸೀಟೂ ಬಗ್ಗುತ್ತದೆ ಎಂದು ಅವಳ ಲೆಕ್ಕಾಚಾರ. ಮೇಲಾಗಿ ಅವಳಿಗೆ ಅವಸರವಿತ್ತು. ಅವಳ ಲ್ಯಾಬಿನಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸಕ್ಕೆ ಅವಳನ್ನೇ ಆರಿಸಿದ್ದಾರೆ, ತಿಂಗಳ ಕೊನೆಯೊಳಗೆ ಲೈಸೆನ್ಸ್ ಬರದಿದ್ದರೆ ಇನ್ನೊಬ್ಬರಿಗೆ. ಎರಡು ಸಲ ಅವಳು ಟೆಸ್ಟಿನಲ್ಲಿ ಫೇಲಾಗಿದ್ದಾಳೆ. ಎರಡು ಸಲವೂ ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರಿತು. ಇದು ನಿಮಗೆ ಗೊತ್ತಿಲ್ಲ, ಏಕೆಂದರೆ ಅವಳು ನಿಮಗೆ ಹೇಳಿಲ್ಲ. ಏಕೆ ಹೇಳಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಗುಜರಿ ಅಂಗಡಿಯಲ್ಲಿ ಹುಡುಕಿ ಒಂದು ಕವರ್ ತಂದೆ. ಮನೆಗೆ ಬಂದು ನೋಡಿದರೆ ಅದು ಎಡಗಡೆಯ ಸೀಟಿನದು. ಮತ್ತೆ ಹೋಗಿ ಬದಲಾಯಿಸಿದೆ. ಅಂಗಡಿಯವನು, ಹಳೆಯದನ್ನು ಮುಂದಿನಿಂದ ಹಿಡಿದು ಎಳೆಯಿರಿ, ಕ್ಲಿಪ್ಪುಗಳು ಟಕಟಕ ಅಂತ ಬಿಟ್ಟುಕೊಳ್ಳುತ್ತವೆ ಎಂದ. ಎಳೆದೆ. ಟಕ್ ಎಂದದ್ದು ನನ್ನ ಉಗುರು. ನಿಮ್ಮ ಆ ಸ್ಕ್ರೂವಿನ ತಲೆಯ ಮೇಲೆ ಗೋಂದು, ಗೋಂದಿನ ಮೇಲೆ ಕಪ್ಪು ಬಣ್ಣ. ಸಾಲದ್ದಕ್ಕೆ ತಲೆಯ ಗೀರು ಸವೆದು ನುಣ್ಣಗಾಗಿತ್ತು. ಬಾಗಿಲ ಸಂದಿಯಲ್ಲಿ ಅರ್ಧ ಮೈ ಒಳಗೆ, ಅರ್ಧ ಮೈ ರಸ್ತೆಯಲ್ಲಿ ಬಿದ್ದುಕೊಂಡು, ನಿಮ್ಮನ್ನು ನೆನೆಯುತ್ತಾ ಒಂದು ಗಂಟೆ ತಿರುವಿದೆ. ಹೇಗೆ ನೆನೆದೆ ಎಂದು ಇಲ್ಲಿ ಬರೆಯುವುದಿಲ್ಲ, ನೀವು ಹಿರಿಯರು.

ಸ್ಕ್ರೂ ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಹೊರಗೆ ಬಿದ್ದಾಗ ಅಳೆದು ನೋಡಿದೆ: ಮೂರು ಇಂಚು. ಆ ಕವರಿಗೆ ಅರ್ಧ ಇಂಚು ಸಾಕಿತ್ತು. ಹಡಗಿನ ಎಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ ನೀವು! ಸಂಶಯ ಬಂದು ಸೀಟಿನಡಿಯ ಸರಳು ಎತ್ತಿದೆ. ನಾಲ್ಕು ವರ್ಷದಿಂದ ಒಂದು ಬೆರಳಿನಷ್ಟೂ ಕದಲದ ಸೀಟು ಸರಕ್ಕನೆ ಮುಂದೆ ಬಂತು. ನಿಮ್ಮ ಸ್ಕ್ರೂ ಕವರನ್ನು ದಾಟಿ, ಸೀಟಿನ ಕಬ್ಬಿಣವನ್ನು ದಾಟಿ, ಕೆಳಗಿನ ಹಳಿಗೆ ಹೋಗಿ ಕಚ್ಚಿಕೊಂಡಿತ್ತು. ಆರಡಿಯ ನಿಮಗೆ ಸೀಟು ಸರಿಸುವ ಸಂದರ್ಭವೇ ಬರಲಿಲ್ಲ, ಆದ್ದರಿಂದ ನಿಮಗೆ ಗೊತ್ತಾಗಲಿಲ್ಲ.

ಅಕ್ಕನಿಗೆ ಗೊತ್ತಾಗಿತ್ತು. ಸೀಟು ಮುಂದೆ ಬರುವುದಿಲ್ಲ ಎಂದು ಅವಳು ಒಮ್ಮೆ ಹೇಳಿದಾಗ ನೀವು, ತುಕ್ಕು ಹಿಡಿದಿರಬೇಕು, ಎಣ್ಣೆ ಬಿಡುತ್ತೇನೆ ಎಂದಿರಿ. ಎಣ್ಣೆ ಬಿಡುವ ಮೊದಲೇ ರಜೆ ಮುಗಿದು ಹಡಗು ಹತ್ತಿದಿರಿ. ಅವಳು ಬೆನ್ನ ಹಿಂದೆ ಎರಡು ದಿಂಬು ಇಟ್ಟುಕೊಂಡು, ಸೀಟಿನ ಅಂಚಿಗೆ ಜಾರಿ, ತುದಿಗಾಲಿನಲ್ಲಿ ಕ್ಲಚ್ ಒತ್ತಿ ಕಲಿತಳು. ಮುಂದಿನ ರಜೆಯಲ್ಲಿ ನೀವೇ ಕಲಿಸಲು ಕೂತಿರಿ. ಗಾಡಿ ನಾಲ್ಕು ಸಲ ನಿಂತಿತು. ಆಗ ನೀವು ಹೇಳಿದ ಮಾತು ನಿಮಗೆ ಮರೆತಿರಬಹುದು: "ನಿನ್ನ ಕಾಲಿಗೆ ಡ್ರೈವಿಂಗ್ ಅಲ್ಲ, ಬಿಡು."

ಹಿಂದಿನ ಸೀಟಿನಲ್ಲಿ ನಾನಿದ್ದೆ. ನಾನೂ ನಕ್ಕೆ. ನಿಮ್ಮ ಮೇಲೆ ಇರುವ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ, ಭಾವ. ಎರಡನೇ ಸಲ ಫೇಲಾಗಿ ಬಂದ ದಿನ ಅವಳು ಚಪ್ಪಲಿ ಬಿಡುತ್ತಾ, ನನ್ನ ಕಾಲಿಗೆ ಆಗಲ್ಲ ಕಣೋ ಎಂದಳು. ಮಾತು ನಿಮ್ಮದು, ಬಾಯಿ ಮಾತ್ರ ಅವಳದು. ನಿಮಗೆ ಏಕೆ ಹೇಳಲಿಲ್ಲವೆಂದು ಈಗ ತಿಳಿಯಿತಲ್ಲ.

ಅವಳನ್ನು ಕರೆದು ಕೂರಿಸಿದೆ. ಸೀಟು ಮುಂದಕ್ಕೆ ಎಳೆದುಕೊಂಡಳು. ಕ್ಲಚ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿ ಹಾಗೇ ಹಿಡಿದುಕೊಂಡಳು. ಆಮೇಲೆ, "ಈ ಕ್ಲಚ್ಚಿನ ಕೆಳಗೆ ಇನ್ನೂ ಇಷ್ಟು ಜಾಗ ಇತ್ತಾ?" ಎಂದು ಕೇಳಿದಳು. ಬೆನ್ನ ಹಿಂದಿನ ದಿಂಬುಗಳನ್ನು ಎಳೆದು ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು. ಸೀಟು ಹೇಗೆ ಬಿಟ್ಟುಕೊಂಡಿತು, ತುಕ್ಕು ಹೋಯಿತಾ ಎಂದಳು. ಸ್ಕ್ರೂ ನನ್ನ ಜೇಬಿನಲ್ಲಿತ್ತು. ಹೂಂ, ತುಕ್ಕು ಎಂದುಬಿಟ್ಟೆ. ಏಕೆ ನಿಮ್ಮ ಪರ ವಹಿಸಿದೆನೋ ನನಗೇ ತಿಳಿಯದು.

ಗುರುವಾರ ಟೆಸ್ಟ್ ಇತ್ತು. ಏರಿನಲ್ಲಿ ಗಾಡಿ ನಿಲ್ಲಿಸಿ, ಒಂದು ಗೇಣೂ ಜಾರದೆ ಹತ್ತಿಸಿದಳು. ಪಾಸಾದಳು. ಮನೆಗೆ ಬಂದು ಏನೆಂದಳು ಗೊತ್ತೇ? "ಏನೋ ಅದೃಷ್ಟ. ನನ್ನ ಕಾಲು ನಂಬೋಕಾಗಲ್ಲ." ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನಾಳೆಯಿಂದ ಅವಳು ಒಬ್ಬಳೇ ಊರೆಲ್ಲ ಸುತ್ತಬೇಕು, ಭಾವ. ತನ್ನ ಕಾಲನ್ನು ತಾನೇ ನಂಬದೆ ಹೇಗೆ ಸುತ್ತುತ್ತಾಳೆ?

ಆದ್ದರಿಂದ ಆ ಸ್ಕ್ರೂವನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ನಾನು ಹೇಳಿದರೆ ತಮ್ಮ ಸಮಾಧಾನ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾಳೆ. ಕಾಗದ ಸಿಕ್ಕಿದ ದಿನವೇ ಫೋನ್ ಮಾಡಿ ತಪ್ಪು ಯಾರದೆಂದು ನೀವೇ ಹೇಳಿ. ರಜೆಗೆ ಬಂದಾಗ ಇದನ್ನು ಅವಳ ಕೈಗೆ ಕೊಡಿ. ಆಮೇಲೆ ಕಾರು ಹತ್ತಿದಾಗ ನಿಮ್ಮ ಮೊಣಕಾಲು ಸ್ಟೀರಿಂಗಿಗೆ ಬಡಿಯುತ್ತದೆ. ಗೊಣಗಬೇಡಿ, ಸೀಟು ಈಗ ಹಿಂದಕ್ಕೂ ಸರಿಯುತ್ತದೆ. ಇಳಿಯುವಾಗ ಮಾತ್ರ ಅದನ್ನು ಅವಳ ಜಾಗಕ್ಕೆ ತಂದು ನಿಲ್ಲಿಸಿ.

ನಿಮ್ಮ ಹಡಗು ಸುಖವಾಗಿ ದಡ ಸೇರಲಿ, ಅದರ ಸ್ಕ್ರೂಗಳೆಲ್ಲ ಅಳತೆಗೆ ಸರಿಯಾಗಿರಲಿ.

ಇಂತಿ,
ಅಂದು ಹಿಂದಿನ ಸೀಟಿನಲ್ಲಿ ಕೂತು ನಕ್ಕ ನಿಮ್ಮ ಬಾಮೈದ