ಗುರುವಾರದ ಹೊಟ್ಟೆನೋವು

ಗದಗ, ಫೆಬ್ರವರಿ ೩೧, ೨೩೮೭

ಹನ್ನೆರಡು ತಲೆಮಾರು ಹಿಂದಿನ ಪೂರ್ವಿಕರಾದ ಈರಪ್ಪನವರೇ, ಶಕುಂತಲಾ ಅವರೇ,

ಸಮಸ್ತ ಲೋಕಕ್ಕೂ ಡಂಗುರ ಸಾರಿ ತಿಳಿಸುವುದೇನೆಂದರೆ, ನಿಮ್ಮ ಮನೆಯ ಜಂತುಹುಳದ ಔಷಧಿಯ ಖಾಲಿ ಬಾಟಲಿಗೆ ನಮ್ಮ ವಸ್ತುಸಂಗ್ರಹಾಲಯದಲ್ಲಿ ಇಂದು ಗಾಜಿನ ಪೆಟ್ಟಿಗೆ ಮಂಜೂರಾಗಿದೆ. ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮೂರ್ಖತನವನ್ನು ಮರ್ಯಾದೆಯಿಂದ ವರ್ಣಿಸುವ ಅಭ್ಯಾಸ ನಮಗೆ ತಪ್ಪಿಹೋಗಿದೆ.

ಬಾಟಲಿಯ ಪಕ್ಕದಲ್ಲಿ ನಿಮ್ಮ ಮಗಳು, ನಾಲ್ಕನೇ ಇಯತ್ತೆಯ ನೀಲಾಂಬಿಕೆಯ ಹನ್ನೊಂದು ರಜಾ ಚೀಟಿಗಳಿವೆ. ಹನ್ನೊಂದರಲ್ಲೂ ಹೊಟ್ಟೆನೋವು, ಹನ್ನೊಂದೂ ಗುರುವಾರ. ನಿಮ್ಮ ಮೊಬೈಲಿನ ಧ್ವನಿಸಂದೇಶಗಳೂ ಉಳಿದಿವೆ.

'ರೀ, ಮತ್ತ ಹೊಟ್ಟಿ ಹಿಡ್ಕೊಂಡು ಕುಂತಾಳ್ರೀ ಇಕಿ.'

'ಅಜವಾನದ ನೀರು ಕುಡಿಸು. ಅದಕ್ಕೂ ಬಗ್ಗಲಿಲ್ಲಂದ್ರ ನಿಮ್ಮವ್ವಗ ಹೇಳಿ ದೃಷ್ಟಿ ತಗಸು.'

ಕುಡಿಸಿದಿರಿ, ತೆಗೆಸಿದಿರಿ, ಸ್ಕ್ಯಾನಿಂಗೂ ಮಾಡಿಸಿದಿರಿ. ಹೊಟ್ಟೆಯೊಳಗನ್ನೆಲ್ಲ ಜಾಲಾಡಿದ ಮಹನೀಯರು ಗುರುವಾರದೊಳಗೆ ಒಮ್ಮೆಯೂ ಇಣುಕಲಿಲ್ಲ.

ಗುರುವಾರದ ಎರಡನೇ ಪಿರಿಯಡ್ಡು ಗಟ್ಟಿಯಾಗಿ ಓದುವುದು. ಒಬ್ಬೊಬ್ಬರೇ ಎದ್ದು ನಿಲ್ಲಬೇಕು. ನೀಲಾಂಬಿಕೆಗೆ ಲೆಕ್ಕ ಬರುತ್ತಿತ್ತು, ಕೇಳಿದ ಕತೆಯನ್ನು ಉಪ್ಪುಖಾರ ಹಚ್ಚಿ ತಿರುಗಿ ಹೇಳಲೂ ಬರುತ್ತಿತ್ತು. ಅಚ್ಚಾದ ಸಾಲು ಮಾತ್ರ ಕಣ್ಣೆದುರು ಗೋಜಲಾಗುತ್ತಿತ್ತು. ನಲವತ್ತು ಮಕ್ಕಳ ನಗೆಗೆ ಕಾಯುತ್ತ ನಿಂತ ಹೊಟ್ಟೆ ನೋಯದೆ ಇನ್ನೇನು ಮಾಡೀತು? ನಮ್ಮ ಕಾಲದಲ್ಲಿ ಮಗುವನ್ನು ಒಂಟಿಯಾಗಿ ನಿಲ್ಲಿಸಿ ಓದಿಸುವುದು ಅಪರಾಧ. ಇಲ್ಲಿರುವುದು 'ಜೋಡುಬಾಯಿ': ತಡವರಿಸುವವರ ಪಕ್ಕದಲ್ಲಿ ಇನ್ನೊಬ್ಬರು ಕೂತು, ಅವರ ವೇಗಕ್ಕೇ ದನಿಗೂಡಿಸಿ ಓದುತ್ತಾರೆ. ನಮ್ಮ ನಗರಾಧ್ಯಕ್ಷರು ಕೂಡ ಜೋಡುಬಾಯಿಯಲ್ಲೇ ಭಾಷಣ ಓದುವುದು. ಹೊಟ್ಟೆ ನೋಯುವುದೇನಿದ್ದರೂ ಕೇಳುವವರಿಗೆ.

ನಿಮ್ಮ ಘನಕಾರ್ಯಗಳ ಶಿಖರವೆಂದರೆ ಬಾಟಲಿಯ ಇನ್ನೊಂದು ಪಕ್ಕದಲ್ಲಿರುವ ಅವಳ ಶಾಲೆಯ ವೇಳಾಪಟ್ಟಿ. ಗುರುವಾರದ ಎರಡನೇ ಪಿರಿಯಡ್ಡಿನ ಚೌಕವನ್ನು ಹುಡುಗಿ ಪೆನ್ಸಿಲಿನಿಂದ ಗೀಚಿ ಗೀಚಿ ತೂತು ಮಾಡಿದ್ದಳು. ಈರಪ್ಪನವರೇ, ನೀವೇನು ಮಾಡಿದಿರಿ? ತೂತಿನ ಮೇಲೆ ಅಂಟುಟೇಪು ಹಚ್ಚಿದಿರಿ! ಬೈದದ್ದೂ ನಿಮ್ಮ ಮೊಬೈಲಿನಲ್ಲಿ ರೆಕಾರ್ಡಾಗಿದೆ: 'ಒಂದ್ ಹಾಳಿ ನೆಟ್ಟಗ ಇಟ್ಕೊಳ್ಳಾಕ ಬರಂಗಿಲ್ಲೇನ ನಿನಗ?' ಅದರ ಹಿಂದೆಯೇ ಒಂದು ಸಣ್ಣ ದನಿ: 'ನನಗ ಏನೂ ಬರಂಗಿಲ್ಲ ಬಿಡಪ್ಪ.' ಇಷ್ಟು ಕೇಳಿದ ಮೇಲೂ ನೀವು ಚಹಾ ಕುಡಿದ ಸದ್ದಿದೆ.

ಆ ಟೇಪು ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಇನ್ನೂ ಅಂಟಿಕೊಂಡೇ ಇದೆ. ನೋಡಲಾಗುವುದಿಲ್ಲ.

ಈ ಪತ್ರ ಬುಧವಾರ ನಿಮ್ಮ ಕೈ ಸೇರುತ್ತದೆ. ನಾಳಿನ ಹೊಟ್ಟೆನೋವಿಗೆ ಮುಂಚೆ ಒಂದು ಸಣ್ಣ ಉಪಕಾರ ಮಾಡಿ. ಮಗಳ ಪಕ್ಕದಲ್ಲಿ ಕೂತು ಆ ಟೇಪನ್ನು ನಿಧಾನವಾಗಿ ಕೀಳಿ. ಇಲ್ಲಿ ಏನಿತ್ತವ್ವಾ ಎಂದು ಕೇಳಿ. ಅವಳು ಹೇಳಿ ಮುಗಿಸುವವರೆಗೆ, ಕಿತ್ತ ಟೇಪನ್ನು ನಿಮ್ಮ ಬಾಯಿಗೆ ಹಚ್ಚಿಕೊಂಡಿರಿ.