ಬೇರುನಾರು ಕೇಳಿ ಬಂದವನು

ಕುಣಿಗಲ್ ತಾಲ್ಲೂಕು
೨೦ ಆಗಸ್ಟ್ ೨೦೨೫

ಮಗಳು ರೂಪಶ್ರೀಗೆ ಅಪ್ಪನ ಆಶೀರ್ವಾದಗಳು.

ನಿನ್ನ ಬಟವಾಡಿಯ ರೂಮಿಗೆ ಕಾಗದ ಹಾಕಿ ತಿಂಗಳಾಯಿತು, ಬೈಯಬೇಡ. ಫೋನ್ ಮಾಡಬಹುದಿತ್ತು. ಆದರೆ ನೀನು ಎತ್ತಿದ ಕೂಡಲೇ "ಅಪ್ಪಾ, ಗಿಡ ಹೆಂಗಿದಾವೆ?" ಅಂತೀಯ, ನನಗೆ ನಾಲಿಗೆಯೇ ಹೊರಳುವುದಿಲ್ಲ. ನಿಮ್ಮಮ್ಮ ಚೆನ್ನಾಗಿದ್ದಾಳೆ. ಊರಿಗೆಲ್ಲ ನಾನು ನಾಟಿ ಔಷಧಿ ಕೊಟ್ಟರೂ ಅವಳಿಗೆ ಕೆಮ್ಮು ಬಂದರೆ ಕುಣಿಗಲ್ ಡಾಕ್ಟರೇ ಆಗಬೇಕು!

ಇನ್ನು ಮುಚ್ಚಿಡಲಾರೆ. ನಮ್ಮ ಬಂಡೆಗುಡ್ಡದಲ್ಲಿ ನೀನು ಪಿಎಚ್‌ಡಿಗೆಂದು ಎರಡು ವರ್ಷ ಅಳೆದು ಬರೆದುಕೊಂಡ ಆ ಎಲೆಯಿಲ್ಲದ ಗಿಡಗಳಿವೆಯಲ್ಲ, ನಲವತ್ತೊಂದರಲ್ಲಿ ಮೂರೇ ಉಳಿದಿವೆ. ಗುಡ್ಡದ ಆಚೆ ಮಗ್ಗುಲನ್ನು ಮೊದಲೇ ಕ್ರಷರ್ ನುಂಗಿತ್ತು. ಈಚೆಯವನ್ನು ಯಾರೋ ಬೇರುಸಮೇತ ಕಿತ್ತೊಯ್ದಿದ್ದಾರೆ. ಫಾರೆಸ್ಟ್ ಗಾರ್ಡ್ ಬಂದು ನೋಡಿ, "ಇವು ಕುಂಡದಲ್ಲಿಡೋಕೆ ಫಾರಿನ್‌ಗೆ ಹೋಗ್ತವೆ ಯಜಮಾನ್ರೇ. ಜಾಗ ತೋರ್ಸಿದೋರು ನಿಮ್ಮೂರೋರೇ" ಅಂದ.

ಊರೆಲ್ಲ ಚಿಕ್ಕಮಾರಮ್ಮನ ಮೇಲೆ ಬಿತ್ತು. ಅಲ್ಲಿ ದಿನಾ ಕುರಿ ಮೇಯಿಸುವವಳು ಅವಳೊಬ್ಬಳೇ ತಾನೇ. ಡೈರಿ ಮುಂದೆ ನಿಲ್ಲಿಸಿಕೊಂಡು "ಯಾರ್ಗ್ ತೋರ್ಸ್ದೆ, ಬೊಗಳು" ಅಂತ ಗದರಿದರು. "ಹಸಿವಾದಾಗ ತುದಿ ಚಿವುಟ್ಕಂಡ್ ತಿಂದಿವ್ನಿ, ಬೇರ್ ಮುಟ್ಟಿಲ್ಲ ಕಣ್ರಪ್ಪಾ" ಅಂದಳು. ಯಾರೂ ನಂಬಲಿಲ್ಲ. ಈಗ ಅವಳನ್ನು ಗುಡ್ಡ ಹತ್ತಲು ಬಿಡುತ್ತಿಲ್ಲ. ಮೇವಿಲ್ಲದೆ ಕುರಿ ಮಾರುತ್ತೇನೆ ಅನ್ನುತ್ತಿದ್ದಾಳೆ. ಅವಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅಳುತ್ತಾ ಕೂರಬೇಡ. ಆ ಮೂರರ ಸುತ್ತ ಮುಳ್ಳು ಹಾಕಿ ಬಂದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಯಡಿಯೂರು ಸಿದ್ದಲಿಂಗಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ
ಕರಿಬಸವಯ್ಯ

ತಾ.ಕ.: ಜಾಗ ತೋರಿಸಿದವನು ನಾನೇ ಮಗಳೇ. ಗುರುತಿಲ್ಲದವನೊಬ್ಬ ಬಾಗಿಲಿಗೆ ಬಂದು, "ನಮ್ಮವ್ವಂಗೆ ಸಕ್ಕರೆ ಕಾಯ್ಲೆ, ಕಾಲ್ ತೆಗೀಬೇಕು ಅಂತವ್ರೆ" ಅಂತ ಅತ್ತ. ಆ ಕಾಯಿಲೆಗೆ ನಾನು ಕೊಡುವುದು ಈ ಗಿಡವನ್ನೇ. ಗಿಡ ಇರುವ ಜಾಗ ಯಾರಿಗೂ ಹೇಳಬೇಡ ಅಂತ ನೀನು ಹೇಳಿದ್ದು ನೆನಪಿತ್ತು. ಆದರೆ ಬೇರುನಾರು ಕೇಳಿ ಬಂದವರನ್ನು ನಮ್ಮ ಮನೆಯಲ್ಲಿ ಯಾವ ಊರು, ಏನು ಹೆಸರು ಅಂತ ವಿಚಾರಿಸುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ಹಾಗೆ ಮಾಡಿದರೆ ಔಷಧಿ ಹತ್ತುವುದಿಲ್ಲ ಅಂತ ನಿಮ್ಮ ತಾತ ಕಲಿಸಿದ್ದು. ನಾನೇ ಕೈಹಿಡಿದು ಅವನನ್ನು ಬಂಡೆ ಹತ್ತಿಸಿದೆ. ಚಿಕ್ಕಮಾರಮ್ಮ ನಮ್ಮಿಬ್ಬರನ್ನೂ ಕಂಡಿದ್ದಳು. ಆದರೂ ಅಷ್ಟು ಜನ ಬೈಯುವಾಗ ನನ್ನ ಹೆಸರೆತ್ತಲಿಲ್ಲ. ಅಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.