ಜೊತೆಯಲ್ಲಿ ಒಬ್ಬರು ಅಕ್ಕ

ಪ್ರೀತಿಯ ಅಕ್ಕ,

ಆಸ್ಪತ್ರೆಗೆ ಅಲೆಯುವುದು ಸಾಕು, ನನ್ನ ಮನೆಗೆ ಬಂದಿರು ಎಂದೆಯಲ್ಲ. ಕ್ಯಾನ್ಸರ್ ಮೂಳೆಗೂ ಹರಡಿದೆ, ಇನ್ನು ವಾಸಿಯಾಗದು ಎಂಬುದು ನನಗೂ ಗೊತ್ತು. ಆದರೆ ಈಗೀಗ ನಾನು, ಒಬ್ಬರೇ ಬರುವ ಹೊಸ ರೋಗಿಗಳು ಒಪ್ಪಿದರೆ, ಅವರ ಜೊತೆ ಡಾಕ್ಟರ ಕೋಣೆಗೆ ಹೋಗಿ ಕೂರುತ್ತೇನೆ.

ನಿನ್ನೆ ಒಬ್ಬ ಬಸ್ ಡ್ರೈವರ್ ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸುತ್ತಿದ್ದರು. "ಡಾಕ್ಟ್ರೇ, ಇವ್ರು ಹೆದರ್ಕೊಂಡು ಹೂಂ ಅಂತಿದಾರೆ. ಇನ್ನೊಂದ್ಸಲ ಬಿಡಿಸಿ ಹೇಳ್ತೀರಾ?" ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ಮೊದಲಿನಿಂದ ಹೇಳಿದರು. ಆಗ ಡ್ರೈವರ್ ಬಾಯಿಬಿಟ್ಟರು: "ಮತ್ತೆ ಬಸ್ ಓಡಿಸ್ಬಹುದಾ, ಸಾರ್?"

"ಖಂಡಿತ. ಚಿಕಿತ್ಸೆ ಮುಗಿಯೋವರೆಗೂ ಸ್ವಲ್ಪ ತಾಳಿ," ಎಂದರು ಡಾಕ್ಟರು.

ಡ್ರೈವರ್ ಹೊರಗೆ ಬಂದು ಹೆಂಡತಿಗೆ ಫೋನಿನಲ್ಲಿ, "ಜೊತೇಲಿ ಒಬ್ರು ಅಕ್ಕ ಇದ್ರು ಕಣೇ," ಎಂದರು. ನನಗೆ ನಿನ್ನ ನೆನಪಾಯಿತು. ಮೊದಲ ದಿನ ನನ್ನ ನಾಲಿಗೆಯೇ ಏಳದಿದ್ದಾಗ ಡಾಕ್ಟರನ್ನು ಎಲ್ಲ ಕೇಳಿದವಳು ನೀನು. ಅದನ್ನೇ ನಾನೀಗ ಮಾಡುತ್ತಿರುವುದು.

ಹಾಗಾಗಿ ಈ ಸಲ ನೀನೇ ಬಾ. ಆಸ್ಪತ್ರೆಯ ಬೆಂಚು ಬಲು ಗಟ್ಟಿ, ಒಂದು ಮೆತ್ತನೆಯ ದಿಂಬು ತಾ.

ನಿನ್ನ ತಂಗಿ